ಬಂದ್ ಆದ ಉಲ್ಲನ್

ಅವ್ವನ ಹಳೇ ನೋಟ್‌ಬುಕ್ಕಿನಲ್ಲಿ ನಾಲ್ಕು ವರ್ಷದ ಹುಡುಗನ ಸ್ವೆಟರ್ ಒಂದಿದೆ. ಚಿತ್ರ ಇಲ್ಲ, ಬರೀ ಲೆಕ್ಕ. ಎಷ್ಟು ಕುಣಿಕೆ ಹಾಕಬೇಕು, ಕಂಕುಳ ಹತ್ತಿರ ಎಷ್ಟು ಇಳಿಸಬೇಕು, ಎಲ್ಲಾ ದುಂಡಗೆ ಬರೆದಿದ್ದಾಳೆ. ಪಕ್ಕದಲ್ಲಿ ಗುಂಡುಪಿನ್ನು ಚುಚ್ಚಿದ ಉಲ್ಲನ್ ಲೇಬಲ್ಲು. ತುಕ್ಕು ಹೆಸರನ್ನು ತಿಂದುಹಾಕಿದೆ. ಉಳಿದದ್ದು ಇಷ್ಟೇ: ಶುದ್ಧ ಉಣ್ಣೆ, 50 ಗ್ರಾಂ, 120 ಮೀಟರ್. ಕೆಳಗೆ ಅವ್ವನ ಅಕ್ಷರ: ‘5 ಉಂಡೆ, ಕಡ್ಡಿ 8.’

ತಂಗಿಯ ಮೊಮ್ಮಗನಿಗೆ ಅದನ್ನೇ ಹೆಣೆಯೋಣ ಅಂತ ಲೇಬಲ್ಲು ಹಿಡಿದು ಚೌಕಿಪೇಟೆಗೆ ಹೋದೆ. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿತ್ತು. ಅಂಥ ಊರಲ್ಲಿ ಐದು ಉಂಡೆ ದಾರಕ್ಕೆ ಬರವೇ? ಮೂರನೇ ಅಂಗಡಿಯವರು ಲೇಬಲ್ಲನ್ನು ಬೆಳಕಿಗೆ ಹಿಡಿದು ನಕ್ಕರು. “ಇದು ಬಂದ್ ಆಗಿ ಬಾಳ ವರ್ಷ ಆತ್ರಿ ಅಕ್ಕಾರೆ. ಮಿಲ್ಲುಗಳೇ ಬಂದ್ ಆದ್ವು, ಇದ್ಯಾವ ಲೆಕ್ಕ!”

ಮಿಲ್ಲುಗಳದ್ದು ಹತ್ತಿ, ನನ್ನದು ಉಣ್ಣೆ ಅಂತ ವಾದ ಮಾಡಲಿಲ್ಲ. ಹತ್ತಿ ನೂಲಿನ ಸಹವಾಸ ಒಮ್ಮೆ ಮಾಡಿದ್ದೇನೆ. ಆ ಸ್ವೆಟರ್ ಒಗೆದು ತಂತಿಗೆ ಹಾಕಿದ್ದೇ ತಡ, ಭಾರಕ್ಕೆ ಜಗ್ಗಿ ಮೊಣಕಾಲಿಗೆ ಬಂದಿತ್ತು.

ಅವರು ಮೆಂತ್ಯೆಕಾಳಿನ ಬಣ್ಣದ ಒಂದು ಉಂಡೆ ತೆಗೆದರು. “ಉಣ್ಣೆನಾ?” ಅಂದೆ. ಮಾತಾಡಲಿಲ್ಲ. ಒಂದು ತುಂಡು ಹರಿದು ಕಡ್ಡಿ ಗೀರಿದರು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಇದು ಕರಗಿ, ತುದಿಯಲ್ಲಿ ಸಾಸಿವೆಯಷ್ಟು ಗಟ್ಟಿ ಮಣಿಯಾಯಿತು. ಅಕ್ರಿಲಿಕ್. ಇರಲಿ ಬಿಡಿ, ನಾಲ್ಕು ವರ್ಷದವನ ಬಟ್ಟೆ ದಿನಾ ಒಗೆಯೋದೇ. ಉಣ್ಣೆಯನ್ನು ಬಿಸಿನೀರಲ್ಲಿ ಉಜ್ಜಿದರೆ ಕುಗ್ಗಿ ಕಂಬಳಿಯಾಗುತ್ತದೆ. ಐದು ಉಂಡೆ ಕಟ್ಟಿಸಿಕೊಂಡೆ.

ಮನೆಗೆ ಬಂದು ಅಂಗೈಯಷ್ಟು ತುಂಡು ಹೆಣೆದು, ಒಗೆದು, ಒಣಗಿಸಿ, ಸ್ಕೇಲ್ ಇಟ್ಟೆ. ಈ ಕೆಲಸ ನನಗೆ ಜೀವ ಹೋದಷ್ಟು ಬೇಜಾರು. ಆದರೆ ಮಾಡಿದ್ದಕ್ಕೇ ಬಚಾವಾದೆ. ಅವ್ವನ ಲೆಕ್ಕದಲ್ಲಿ 10 ಸೆಂಟಿಮೀಟರಿಗೆ 22 ಕುಣಿಕೆ, ನನಗೆ ಬಂದದ್ದು 20. ಎರಡೇ ಅಲ್ವಾ ಅನ್ನಿಸುತ್ತೆ. ಮುಂಭಾಗಕ್ಕೆ 66 ಕುಣಿಕೆ. ಅವ್ವನಿಗೆ 30 ಸೆಂಟಿಮೀಟರ್ ಆಗುವುದು ನನಗೆ 33. ಹಿಂಭಾಗವೂ ಸೇರಿದರೆ 6 ಜಾಸ್ತಿ. ಹುಡುಗನ ಜೊತೆ ಅವನ ಗೆಳೆಯನೂ ತೂರಬಹುದು. 9ನೇ ನಂಬರಿನ ಕಡ್ಡಿಗೆ ಬದಲಾಯಿಸಿದೆ. ನಮ್ಮ ಕಡ್ಡಿಗಳ ಲೆಕ್ಕ ಉಲ್ಟಾ, ನಂಬರು ಏರಿದಷ್ಟೂ ಕಡ್ಡಿ ಸಣ್ಣ. 8 ಅಂದರೆ 4 ಮಿಲಿಮೀಟರ್, 9 ಅಂದರೆ 3.75. ಕುಣಿಕೆ ಸರಿಹೋಯಿತು.

ಎಡವಿದ್ದು ಬೇರೆ ಕಡೆ. ಎರಡನೇ ತೋಳು ಶುರು ಮಾಡುವಷ್ಟರಲ್ಲಿ ದಾರ ಖಾಲಿ. ಆಮೇಲೆ ಹೊಸ ಲೇಬಲ್ಲು ಓದಿದೆ. 50 ಗ್ರಾಮೇ, ಆದರೆ 100 ಮೀಟರ್. ಅವ್ವನ ಐದು ಉಂಡೆ 600 ಮೀಟರ್, ನನ್ನ ಐದು 500. ತೂಕ ನೋಡಿ ತಂದಿದ್ದೆ, ತೋಳು ಆಗುವುದು ಉದ್ದದಿಂದ!

ಮತ್ತೆ ಓಡಿದೆ. ಸಿಕ್ಕಿದ್ದು ಬೇರೆ ಲಾಟ್ ನಂಬರಿನದು, ಅಂದರೆ ಬೇರೆ ಸಲ ಬಣ್ಣ ಹಾಕಿದ್ದು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಎರಡೂ ಒಂದೇ. ಮನೆಯಂಗಳದಲ್ಲಿ ಮೈಯೆಲ್ಲಾ ಮೆಂತ್ಯೆ, ಒಂದು ತೋಳು ಮಾತ್ರ ಹುರಿದ ಮೆಂತ್ಯೆ.

ಅವ್ವ ಸ್ವೆಟರನ್ನು ತಿರುವಿ ಮುರುವಿ ನೋಡಿದಳು. ತೋಳಿನ ಬಗ್ಗೆ ಏನೂ ಅನ್ನಲಿಲ್ಲ. ಎದ್ದು ಹೋಗಿ, ಬಿಸ್ಕತ್ತಿನ ಹಳೇ ಡಬ್ಬಿ ತಂದು ಮುಚ್ಚಳ ತೆಗೆದಳು. ಒಳಗೆ ನುಸಿಗುಳಿಗೆ ಜೊತೆ ಹಳೇ ಉಲ್ಲನ್. ಒಂದಲ್ಲ, ಎರಡು ಉಂಡೆ.

“ಇದು ಇತ್ತಾ? ಮೊದಲೇ ಹೇಳಬಾರದಿತ್ತಾ?” ಅಂತ ಕೈ ಚಾಚಿದೆ.

“ಮುಟ್ಟಬ್ಯಾಡ” ಅಂದಳು. “ಹಳೇದು ತೂತು ಬಿದ್ರೆ ಹೊಲ್ಯಾಕೆ ಬೇಕು.”