ಶೇಕಡಾ ಒಂದರ ಲೆಕ್ಕವನ್ನು ಬಳ್ಳಾರಿಯವರಿಗೆ ಹೇಳಬೇಡಿ

ನಮ್ಮ ಗೆಳೆಯನೊಬ್ಬ ಕ್ರಿಲ್ ಅನ್ನೋ ಪುಟ್ಟ ಸಮುದ್ರಜೀವಿಯ ಎಣ್ಣೆಯ ಮಾತ್ರೆ ನುಂಗ್ತಾನೆ. ಡಾಕ್ಟರ್ ಬರೆದದ್ದಲ್ಲ, ಮೊಬೈಲ್‌ನಲ್ಲಿ ಬಂದ ಜಾಹೀರಾತು ಬರೆದದ್ದು. ‘ಅಂಟಾರ್ಕ್ಟಿಕಾದ ಜೀವಾನ ಯಾಕಪ್ಪ ನುಂಗ್ತಿ’ ಅಂದ್ರೆ, ‘ಸಮುದ್ರದಾಗ ಕೋಟಿಗಟ್ಟಲೆ ಟನ್ ಐತಣ್ಣ, ಹಿಡಿಯೋದು ಶೇಕಡಾ ಒಂದೂ ಇಲ್ಲ’ ಅಂತಾನೆ.

ಲೆಕ್ಕ ಸುಳ್ಳಲ್ಲ. ಆದರೆ ಈ ಲೆಕ್ಕಾನ ಬಳ್ಳಾರಿಯಲ್ಲಿ ಕೂತು ಹೇಳೋದಾ? ಕರ್ನಾಟಕದ ನಕ್ಷೆಯಲ್ಲಿ ಗಣಿ ಜಾಗ ಒಂದು ಚುಕ್ಕೆ, ಶೇಕಡಾ ಒಂದೂ ಇರಲಿಕ್ಕಿಲ್ಲ. ಸಂಡೂರಿನವರನ್ನು ಕೇಳಿ ನೋಡಿ. 2011ರಲ್ಲಿ ಸುಪ್ರೀಂ ಕೋರ್ಟ್ ಇಲ್ಲಿನ ಗಣಿಗಾರಿಕೆ ನಿಲ್ಲಿಸಿತು, ಮತ್ತೆ ಬಿಟ್ಟಾಗ ವರ್ಷಕ್ಕೆ ಇಷ್ಟೇ ಟನ್ ಅಂತ ಮಿತಿ ಹಾಕಿತು. ಎಷ್ಟು ತೆಗೆದ್ರು ಅನ್ನೋದಕ್ಕಿಂತ ಎಲ್ಲಿ ತೆಗೆದ್ರು ಅನ್ನೋದು ಮುಖ್ಯ ಅಂತ ನಮಗೆ ಯಾರೂ ಪಾಠ ಹೇಳಬೇಕಿಲ್ಲ.

ಕ್ರಿಲ್ ನೋಡೋಕೆ ಸೀಗಡಿ ತರಹ, ಸೀಗಡಿ ಅಲ್ಲ. ಹೆಚ್ಚೆಂದರೆ 6 ಸೆಂ.ಮೀ. ಉದ್ದ, 2 ಗ್ರಾಂ ತೂಕ. ಇಷ್ಟು ಸಣ್ಣದು ಐದಾರು ವರ್ಷ ಬದುಕುತ್ತೆ! ಮೊಟ್ಟೆ ನೂರಾರು ಮೀಟರ್ ಆಳಕ್ಕೆ ಇಳಿದು ಅಲ್ಲಿ ಒಡೆಯುತ್ತೆ, ಮರಿ ಆ ಕತ್ತಲಿಂದ ಈಜಿಕೊಂಡು ಮೇಲೆ ಬರಬೇಕು. ಮೊದಲ ಚಳಿಗಾಲದಲ್ಲಿ ಮರಿಗಳಿಗೆ ಆಸರೆ ಅಂದ್ರೆ ತೇಲುವ ಮಂಜುಗಡ್ಡೆ. ಅದರ ತಳಕ್ಕೆ ಹತ್ತಿದ ಪಾಚಿಯನ್ನು ಕಾಲಿನಿಂದ ಕೆರೆದು ತಿಂತವೆ. ನನಗೆ ಭಾಳ ಬೆರಗು ಅನಿಸಿದ್ದು ಇನ್ನೊಂದು: ತಿನ್ನೋಕೆ ಸಿಗದಿದ್ರೆ ಕ್ರಿಲ್ ಪೊರೆ ಬಿಡ್ತಾ ಬಿಡ್ತಾ ಗಾತ್ರದಲ್ಲೇ ಸಣ್ಣದಾಗುತ್ತೆ. ಬರಗಾಲ ದಾಟೋಕೆ ಮೈಯನ್ನೇ ಕಡಿಮೆ ಮಾಡಿಕೊಳ್ಳೋ ಜೀವ.

ನೀಲಿ ತಿಮಿಂಗಿಲ, ಅಡೇಲಿ ಪೆಂಗ್ವಿನ್, ಸೀಲ್, ಎಲ್ಲದರ ಹೊಟ್ಟೆ ಇದರ ಮೇಲೆ ನಿಂತಿದೆ. ದೋಣಿಗಳೂ ಅವು ಮೇಯೋ ಜಾಗಕ್ಕೇ ಹೋಗ್ತವೆ, ಅಂಟಾರ್ಕ್ಟಿಕ್ ಪರ್ಯಾಯದ್ವೀಪದ ಸುತ್ತಮುತ್ತ. ಕ್ರಿಲ್ ದಟ್ಟವಾಗಿ ಸಿಗೋದು ಅಲ್ಲೇ ತಾನೆ. ಮಂಜುಗಡ್ಡೆ ಕಡಿಮೆಯಾಗ್ತಿರೋದೂ ಅಲ್ಲೇ.

ಆ ಕಡೆಯ ಇಡೀ ಸಮುದ್ರಕ್ಕೆ ಅಂತರರಾಷ್ಟ್ರೀಯ ಆಯೋಗವೊಂದು (CCAMLR) ಹಾಕಿರೋ ಮಿತಿ ವರ್ಷಕ್ಕೆ 6.2 ಲಕ್ಷ ಟನ್. ಅಷ್ಟನ್ನೂ ಒಂದೇ ಕಡೆ ಬಾಚಬಾರದು, ನಾಲ್ಕು ಭಾಗಕ್ಕೆ ಹಂಚಿ ಹಿಡಿಯಬೇಕು ಅನ್ನೋ ನಿಯಮ ಇತ್ತು. 2024ರಲ್ಲಿ ಅದರ ಅವಧಿ ಮುಗೀತು, ಮುಂದುವರಿಸೋಕೆ ಸದಸ್ಯ ದೇಶಗಳು ಒಪ್ಪಲಿಲ್ಲ. 2025ರ ಆಗಸ್ಟ್‌ಗೇ ಮಿತಿ ಮುಟ್ಟಿ, ಮೊದಲ ಸಲ ಹಂಗಾಮು ಮುಗಿಯೋ ಮುಂಚೆಯೇ ಕ್ರಿಲ್ ಹಿಡಿಯೋದು ಪೂರ್ತಿ ಬಂದ್ ಆಯ್ತು. ಹಿಡಿದದ್ದರಲ್ಲಿ ಬಹುಪಾಲು ಸಾಕಿದ ಮೀನಿನ ಮೇವಿಗೆ ಹೋಗುತ್ತೆ, ಉಳಿದದ್ದು ನಮ್ಮ ಗೆಳೆಯನ ಡಬ್ಬಿಗೆ.

ಹಿಡಿಯಲೇಬೇಡಿ ಅಂತ ನನ್ನ ವಾದ ಅಲ್ಲ, ಹಂಚಿ ಹಿಡೀರಿ ಅಂತ. ಮಾತ್ರೆ ಬೇಕೇ ಬೇಕು ಅನ್ನೋರಿಗೆ ಪಾಚಿಯಿಂದ ತೆಗೆದ ಒಮೆಗಾ-3 (ಕ್ರಿಲ್ ಮಾತ್ರೆ ನುಂಗೋದು ಈ ಕೊಬ್ಬಿನಂಶಕ್ಕೇ) ಎಣ್ಣೆನೂ ಸಿಗುತ್ತೆ. ಕ್ರಿಲ್‌ಗೂ ಅದು ಬರೋದು ಪಾಚಿಯಿಂದಲೇ. (ಅಗಸಿ ಹಿಂಡಿಯಲ್ಲಿ ಇಲ್ವಾ ಅಂತ ಕೇಳ್ತೀರಿ, ಗೊತ್ತು. ಇದೆ, ಆದರೆ ಅದು ಬೇರೆ ಬಗೆಯದು, ದೇಹ ಅದರಲ್ಲಿ ಸ್ವಲ್ಪವನ್ನಷ್ಟೇ ಪರಿವರ್ತಿಸುತ್ತೆ. ರೊಟ್ಟಿ ಜೊತೆ ರುಚಿಗೆ ತಿನ್ನಿ.)

ಈ ನಿಯಮ ಮಾಡೋ ಆಯೋಗದಲ್ಲಿ ಭಾರತವೂ ಸದಸ್ಯ. ಅಲ್ಲಿ ಎಲ್ಲರೂ ಒಪ್ಪಬೇಕು, ಒಂದು ದೇಶ ಬೇಡ ಅಂದರೂ ಕೆಲಸ ನಿಂತಿತು. ಪ್ರತಿ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾದ ಹೋಬಾರ್ಟ್‌ನಲ್ಲಿ ಸಭೆ ಸೇರುತ್ತೆ. ಅಲ್ಲಿ ನಮ್ಮವರು ಏನಂದ್ರು ಅಂತ ಕನ್ನಡ ಪೇಪರ್‌ನಲ್ಲಿ ಒಂದು ಸಾಲು ಬಂದದ್ದನ್ನು ನಾನಂತೂ ಓದಿಲ್ಲ. ನೀವು ಯಾರಾದ್ರೂ ಓದಿದ್ದರೆ ಕೆಳಗೆ ಹಾಕಿ.