ಗಣಿ ಕೆಲಸಗಾರ ತಂದ ಐದು ಪೌಂಡಿನ ಕಾನೂನು

ಆಸ್ಟ್ರೇಲಿಯಾದ ಪ್ರಧಾನಿಯಾಗಿದ್ದ ಆಂಡ್ರ್ಯೂ ಫಿಶರ್ ಬಗ್ಗೆ ನಮ್ಮಲ್ಲಿ ಯಾರೂ ಜಾಸ್ತಿ ಮಾತಾಡುವುದಿಲ್ಲ. ಕೆಲಸಗಾರರ ರಾಜಕೀಯದ ಬಗ್ಗೆ ಆಸಕ್ತಿ ಇರುವವರು ಇವರ ಬದುಕನ್ನು ಓದಲೇಬೇಕು.

ಹುಟ್ಟಿದ್ದು 1862ರಲ್ಲಿ, ಸ್ಕಾಟ್ಲೆಂಡ್‌ನ ಕ್ರಾಸ್‌ಹೌಸ್ ಎಂಬ ಹಳ್ಳಿಯಲ್ಲಿ. ಹುಡುಗನಾಗಿದ್ದಾಗಲೇ ಕಲ್ಲಿದ್ದಲು ಗಣಿಗೆ ಇಳಿದರು. ಹದಿಹರೆಯದಲ್ಲೇ ಕಾರ್ಮಿಕ ಸಂಘದ ಕಾರ್ಯದರ್ಶಿಯಾದರು. 1881ರ ಮುಷ್ಕರ ಸೋತಿತು. ಮುಂದೆ ನಿಂತವರಿಗೆ ಕೆಲಸ ಸಿಗುವುದೇ ಕಷ್ಟವಾಯಿತು. 1885ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ಗೆ ಹೊರಟರು. ಕೆಲವು ವರ್ಷಗಳಲ್ಲೇ ಜಿಂಪಿ ಎಂಬ ಚಿನ್ನದ ಗಣಿಯ ಊರು ಸೇರಿದರು. ಅಲ್ಲೂ ಸಂಘ, ಅಲ್ಲೂ ಹೋರಾಟ. 1893ರಲ್ಲಿ ಶಾಸಕರಾದರು, 1896ರಲ್ಲಿ ಸೋತರು. ಸೋತವರು ಸುಮ್ನೆ ಕೂರಲಿಲ್ಲ. ಕೆಲಸಗಾರರ ದನಿಗೆಂದೇ 'ಜಿಂಪಿ ಟ್ರೂತ್' ಪತ್ರಿಕೆ ಶುರುಮಾಡಲು ಕೈಜೋಡಿಸಿದರು. 1899ರಲ್ಲಿ ಮತ್ತೆ ಗೆದ್ದರು.

ಮೂರು ಸಲ ಪ್ರಧಾನಿಯಾದರು. 1910ರಲ್ಲಂತೂ ಅವರ ಲೇಬರ್ ಪಕ್ಷಕ್ಕೆ ಸಂಸತ್ತಿನ ಎರಡೂ ಸದನಗಳಲ್ಲಿ ಸ್ವಂತ ಬಹುಮತ ಬಂತು. ಕಾಮನ್‌ವೆಲ್ತ್ ಬ್ಯಾಂಕ್ ಕಟ್ಟಿದ್ದು, ಕಾಲ್ಗೂರ್ಲಿಯ ಚಿನ್ನದ ಗಣಿಗಳ ಕಡೆಗೆ ರೈಲು ಹಳಿ ಹಾಕಲು ಶುರುಮಾಡಿದ್ದು ಎಲ್ಲಾ ಆಗಲೇ.

ನನಗೆ ಮುಖ್ಯ ಅನ್ನಿಸುವುದು 1912ರ ಹೆರಿಗೆ ಭತ್ಯೆ. ಪ್ರತಿ ಹೆರಿಗೆಗೆ ತಾಯಿಯ ಕೈಗೇ 5 ಪೌಂಡ್. ಅವಳು ಬಡವಳು ಅಂತ ಯಾರ ಮುಂದೆಯೂ ಸಾಬೀತು ಮಾಡಬೇಕಿರಲಿಲ್ಲ. ಮದುವೆಯಾಗದ ತಾಯಂದಿರಿಗೂ ಸಿಗುತ್ತಿತ್ತು. ಚರ್ಚಿನ ಕೆಲವರು ಇದನ್ನು ಜೋರಾಗಿ ವಿರೋಧಿಸಿದರು. ಸರ್ಕಾರ ಜಗ್ಗಲಿಲ್ಲ. ಇದನ್ನು ಓದಿದಾಗ ನನಗೆ ಅವರ ಮೇಲೆ ತುಂಬಾ ಗೌರವ ಬಂತು.

ಆದರೆ ಅದೇ ಕಾನೂನಿನಲ್ಲಿ ಇನ್ನೊಂದು ಸಾಲಿತ್ತು. ಏಷ್ಯಾದ ಹೆಂಗಸರಿಗೆ, ಆ ನೆಲದ ಮೂಲನಿವಾಸಿ ಹೆಂಗಸರಿಗೆ, ಪಪುವಾ ಮತ್ತು ಪೆಸಿಫಿಕ್ ದ್ವೀಪಗಳ ಹೆಂಗಸರಿಗೆ ಈ ಹಣ ಇರಲಿಲ್ಲ. ಹೆರಿಗೆ ನೋವು ಅವರಿಗೂ ಇತ್ತು, ಅಲ್ವಾ?

'ಆ ಕಾಲವೇ ಹಾಗಿತ್ತು' ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮದುವೆಯಾಗದ ತಾಯಿಗೆ ಸರ್ಕಾರದ ಹಣ ಕೊಡುವುದನ್ನೂ ಆ ಕಾಲ ಒಪ್ಪುತ್ತಿರಲಿಲ್ಲ. ಅಲ್ಲಿ ಕಾಲದ ಎದುರು ನಿಲ್ಲಲು ಆಯಿತು, ಚರ್ಮದ ಬಣ್ಣದ ವಿಷಯಕ್ಕೆ ಬಂದಾಗ ಯಾಕೆ ಆಗಲಿಲ್ಲ? ಬಹುಮತ ಇರಲಿಲ್ಲ ಅನ್ನುವ ನೆಪವೂ ಇಲ್ಲಿ ಇಲ್ಲ. ಬಿಳಿಯರ ಆಸ್ಟ್ರೇಲಿಯಾ ಅನ್ನುವುದು ಅವರ ಪಕ್ಷದ್ದೇ ನೀತಿಯಾಗಿತ್ತು. ಬೇರೆ ಬಣ್ಣದವರು ಬಂದರೆ ಕೂಲಿ ಇಳಿಯುತ್ತದೆ ಎಂದು ಸಂಘಗಳೇ ಹೆದರಿಸುತ್ತಿದ್ದವು. ಆ ಬೇರೆಯವರೂ ಕೆಲಸಗಾರರೇ. ಅವರನ್ನೂ ಸಂಘಕ್ಕೆ ಸೇರಿಸಿಕೊಂಡು ಎಲ್ಲರಿಗೂ ಒಂದೇ ಕೂಲಿ ಕೇಳಬಹುದಿತ್ತು.

ವೃದ್ಧಾಪ್ಯ ಪಿಂಚಣಿಯಲ್ಲೂ ಇದೇ ತಾರತಮ್ಯ ಇತ್ತು. 1922ರಲ್ಲಿ ಭಾರತದ ರಾಜಕೀಯ ನಾಯಕ ವಿ.ಎಸ್. ಶ್ರೀನಿವಾಸ ಶಾಸ್ತ್ರಿಗಳು ಆಸ್ಟ್ರೇಲಿಯಾಕ್ಕೆ ಹೋಗಿ ಅಲ್ಲಿ ನೆಲೆಸಿದ್ದ ಭಾರತೀಯರ ಪರವಾಗಿ ಮಾತಾಡಿದರು. ಆ ಪಿಂಚಣಿ ನಮ್ಮವರಿಗೆ ಸಿಕ್ಕಿದ್ದು 1926ರಲ್ಲಿ.