ಹೆಸರು ನಿಂತು ಬರೆಯಿರಿ, ಅರ್ಜಿ ಮಲಗಿ ಸಲ್ಲಿಸಿ

ಶಿರಸಿಯಿಂದಾಚೆ, ಬಸ್ಸು ತಿರುಗುವ ಜಾಗದಿಂದ ಎರಡು ಮೈಲಿ ಒಳಗಿರುವ ನಮ್ಮ ಊರಿನಲ್ಲಿ ಈ ಮಳೆಗಾಲ ಹೊಸ ಆಚಾರವೊಂದು ಶುರುವಾಗಿದೆ. ಸಂಜೆಯಾಗುತ್ತಲೇ ನಾಲ್ಕಾರು ಮಂದಿ ಕೊಡೆ ಹಿಡಿದು, ಉಂಬಳ ಹತ್ತದಂತೆ ಕಾಲಿಗೆ ಸುಣ್ಣ, ಹೊಗೆಸೊಪ್ಪು ಸವರಿಕೊಂಡು, ಸಿಗ್ನಲ್ ಸಿಗುವ ಗುಡ್ಡ ಹತ್ತುತ್ತಾರೆ. ನೆತ್ತಿ ತಲುಪಿದ ಮೇಲೆ ಫೋನನ್ನು ನೆಟ್ಟಗೆ ಹಿಡಿದು, ಬೆಳೆ ಪರಿಹಾರದ ಸರ್ಕಾರಿ ಜಾಲತಾಣದಲ್ಲಿ ಹೆಸರು, ಸರ್ವೆ ನಂಬರು, ಕೊಳೆ ಬಂದ ಅಡಿಕೆ ತೋಟದ ಎಕರೆ, ಗುಂಟೆ ತುಂಬುತ್ತಾರೆ. ಆಮೇಲೆ ಫೋನನ್ನು ಅಡ್ಡ ಮಲಗಿಸುತ್ತಾರೆ. ಮಲಗಿಸಿದ ಕೂಡಲೇ ಕೆಳಗೆ ಹಸಿರು ಬಣ್ಣದ ‘ಸಲ್ಲಿಸಿ’ ಎಂಬ ಗುಂಡಿ ಮೂಡುತ್ತದೆ. ಎತ್ತಿ ನಿಲ್ಲಿಸಿದರೆ ಮಾಯ.

ಇದನ್ನು ಕಂಡುಹಿಡಿದ ಕೀರ್ತಿ ನಮ್ಮ ಭಾವನದು. ಮೂರು ದಿನ ಗುಂಡಿ ಹುಡುಕಿ ಸೋತವನು ನಾಲ್ಕನೆಯ ದಿನ ಹಿಮ್ಮಡಿಯ ಉಂಬಳ ಕೀಳಲು ಬಗ್ಗಿದ. ಫೋನು ಕೈಯಲ್ಲಿ ಅಡ್ಡವಾಯಿತು, ಗುಂಡಿ ದರ್ಶನ ಕೊಟ್ಟಿತು. ‘ಇಷ್ಟು ವರ್ಷ ಸರ್ಕಾರಕ್ಕೆ ನಾವು ಅಡ್ಡಬಿದ್ದದ್ದು ಸಾಲಲಿಲ್ಲ, ಈಗ ಫೋನೂ ಅಡ್ಡಬೀಳಬೇಕು’ ಎಂದು ಅವನೇ ಭಾಷ್ಯವನ್ನೂ ಬರೆದ.

ಆದರೆ ಆಯಿಯ ಫೋನು ಅಡ್ಡಬಿದ್ದರೂ ಒಲಿಯಲಿಲ್ಲ. ತೋಟ ಅವಳ ಹೆಸರಿನಲ್ಲಿದೆ, ಫೋನು ಹಳೆಯದು. ಭಾವ ಗುಡ್ಡಕ್ಕೆ ಒಯ್ದು ಪುಟ ತೆರೆದು ತಂದುಕೊಟ್ಟದ್ದನ್ನು ಅವಳು ಎಡಕ್ಕೆ ಮಲಗಿಸಿದಳು, ಬಲಕ್ಕೆ ಮಲಗಿಸಿದಳು, ಕಡೆಗೆ ತಾನೇ ಮಂಚದ ಮೇಲೆ ಅಡ್ಡಾಗಿ ನೋಡಿದಳು. ಗುಂಡಿ ಬರಲಿಲ್ಲ. ‘ಮಾಣಿ, ನೀನು ಬೆಂಗಳೂರಿನಲ್ಲಿ ಇದನ್ನೇ ಕಲಿತದ್ದಲ್ಲವೇ’ ಎಂದು ನನ್ನ ಕಡೆ ತಿರುಗಿದಳು.

ಕಲಿತದ್ದು ಹೌದು. ಜಾಲತಾಣ ಕಟ್ಟುವ ಕೂಲಿಯನ್ನು ಆರು ವರ್ಷ ಮಾಡಿ ಲ್ಯಾಪ್‌ಟಾಪ್ ಸಮೇತ ಊರಿಗೆ ಮರಳಿದವನು ನಾನು. ಪುಟದ ಒಳಬರಹವನ್ನು ತೆರೆದು ನೋಡಿದೆ. ಗುಂಡಿಯ ಹಣೆಯಲ್ಲಿ ಬರೆದಿತ್ತು: ‘ಡಿ-ನನ್ ಡಿ-ಎಂಡಿ-ಬ್ಲಾಕ್’.

ಇದು ಬೂಟ್‌ಸ್ಟ್ರ್ಯಾಪ್ ಎಂಬ, ಜಾಲತಾಣ ಕಟ್ಟುವ ಸಲಕರಣೆಯ ಭಾಷೆ. 2011ರಲ್ಲಿ ಟ್ವಿಟರ್ ಕಂಪನಿಯ ಇಬ್ಬರು ಇದನ್ನು ಮಾಡಿ ಲೋಕಕ್ಕೆ ಬಿಟ್ಟುಕೊಟ್ಟರು. ಪರದೆಯ ಅಗಲಕ್ಕೆ ತಕ್ಕಂತೆ ಪುಟ ತನ್ನನ್ನು ಹೊಂದಿಸಿಕೊಳ್ಳಬೇಕೆಂದು ಈಥನ್ ಮಾರ್ಕಾಟ್ ಎಂಬವರು ಅದರ ಹಿಂದಿನ ವರ್ಷ ಬರೆದು, ಆ ಗುಣಕ್ಕೆ ‘ರೆಸ್ಪಾನ್ಸಿವ್’ ಎಂದು ಹೆಸರಿಟ್ಟಿದ್ದರು. ಸ್ಪಂದಿಸುವಂಥದ್ದು ಎಂದರ್ಥ. ಇಂಥ ಪದ ಸಿಕ್ಕಿದರೆ ಸರ್ಕಾರಿ ಕಚೇರಿ ಬಿಡುತ್ತದೆಯೇ? ಈ ತಾಣವನ್ನು ದೀಪ ಬೆಳಗಿ ಉದ್ಘಾಟಿಸಿದ ದಿನದ ಬ್ಯಾನರಿನಲ್ಲಿಯೂ ‘ಜನಸ್ಪಂದನ’ ಎಂದೇ ಇತ್ತು.

ಒಂದೊಂದು ಪದಕ್ಕೆ ಒಂದೊಂದೇ ಕೆಲಸ ವಹಿಸುವುದು ಈ ಪದ್ಧತಿಯ ಸೊಗಸು. ಯುಟಿಲಿಟಿ ಕ್ಲಾಸ್ ಎನ್ನುತ್ತಾರೆ. ಮೊದಲ ಪದ ‘ಡಿ-ನನ್’: ಯಾರಿಗೂ ಕಾಣಿಸಬೇಡ. ಎರಡನೆಯದು: ಅಗಲ 768 ಪಿಕ್ಸೆಲ್ ಮುಟ್ಟಿದವರಿಗೆ ಮಾತ್ರ ಕಾಣಿಸಿಕೋ. ನಡುವಿನ ಎಂಡಿ ಎಂದರೆ ‘ಮೀಡಿಯಂ’, ಮಧ್ಯಮ ಅಗಲ. ವೈದ್ಯರಲ್ಲ. ಆ ಎಂಡಿಗಳನ್ನು ಕಾಣಲು ನಮ್ಮ ಜಿಲ್ಲೆಯವರು ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೋಗುವುದು ವಾಡಿಕೆ.

ಫೋನಿನ ಪೆಟ್ಟಿಗೆಯ ಮೇಲೆ ಎಷ್ಟು ದೊಡ್ಡ ಪಿಕ್ಸೆಲ್ ಅಂಕಿ ಅಚ್ಚಾಗಿದ್ದರೂ ಬ್ರೌಸರಿನ ಲೆಕ್ಕದಲ್ಲಿ ಭಾವನ ಹೊಸ ಫೋನು ನಿಂತರೆ 412 ಅಗಲ, ಮಲಗಿದರೆ 915. ಹಾಗಾಗಿ ಮಲಗಿದಾಗ ಅವನು ಮಧ್ಯಮ ವರ್ಗಕ್ಕೆ ಬಡ್ತಿ ಹೊಂದುತ್ತಾನೆ, ಎದ್ದಾಗ ಇಳಿಯುತ್ತಾನೆ. ಆಯಿಯ ಫೋನು ನಿಂತರೆ 360, ಮಲಗಿದರೆ 640. ಅವಳು ಹೇಗೆ ಹೊರಳಿದರೂ ಬಡವಿಯೇ. ಪರಿಹಾರದ ನಿಯಮಾವಳಿಯಲ್ಲಿ ಹಿಡುವಳಿಯ ಮಿತಿ ಇದೆ, ಆಧಾರ್ ಜೋಡಣೆ ಇದೆ. ಫೋನಿನ ಉದ್ದದ ವಿಚಾರ ಎಲ್ಲಿಯೂ ಇಲ್ಲ.

ಹಾಗಾದರೆ, ಮಳೆಗಾಲದಲ್ಲಿ ಅಡಿಕೆ ಗೊನೆಯನ್ನು ಮುಚ್ಚುವ ಕೊಟ್ಟೆಯಂತೆ, ಗುಂಡಿಗೂ ಈ ಕೊಟ್ಟೆ ಕಟ್ಟಿದವರು ಯಾರು? ಕೇಳಿಯೇ ಬರೋಣವೆಂದು ಕಾರವಾರಕ್ಕೆ ಹೊರಟೆ. ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಹೋಗುವಷ್ಟರಲ್ಲಿ ಒಂದು ಮಾತು ಖಚಿತವಾಯಿತು. ಈ ಜಿಲ್ಲೆಯಲ್ಲಿ ರಸ್ತೆಯ ಗುಂಡಿಗಳಿಗೆ ಮಾತ್ರ ಯಾರೂ ಡಿ-ನನ್ ಹಚ್ಚಿಲ್ಲ. ಅವು ಎಲ್ಲ ಅಗಲಗಳಲ್ಲಿಯೂ, ಬಸ್ಸಿಗೂ ಬೈಕಿಗೂ ಸಮಾನವಾಗಿ ಕಾಣಿಸುತ್ತವೆ.

ಕಚೇರಿಯಲ್ಲಿ ಗುಮಾಸ್ತರು ಸಜ್ಜನರು. ತಮ್ಮ ದೊಡ್ಡ ಮಾನಿಟರನ್ನು ನನ್ನ ಕಡೆ ತಿರುಗಿಸಿ, ‘ಇಲ್ಲೇ ಇದೆಯಲ್ಲ, ಇಷ್ಟು ದೊಡ್ಡ ಗುಂಡಿ’ ಎಂದರು. ಇತ್ತು. ಆ ಮಾನಿಟರಿನಲ್ಲಿ ಎಲ್ಲವೂ ಇತ್ತು. ಮುಖಪುಟವನ್ನು ನೋಡಿದರೆ ನನಗೂ ಮೆಚ್ಚುಗೆಯಾಯಿತು. ಬೂಟ್‌ಸ್ಟ್ರ್ಯಾಪಿನಲ್ಲಿ ಪುಟದ ಅಗಲವನ್ನು 12 ಕಂಬಸಾಲುಗಳಾಗಿ ಹಂಚುತ್ತಾರೆ. ಉತ್ತರ ಕನ್ನಡಕ್ಕೂ 12 ತಾಲ್ಲೂಕು. ಎಡಗಡೆ ಕರಾವಳಿಯ ಐದು, ಬಲಗಡೆ ಘಟ್ಟದ ಮೇಲಿನ ಏಳು. ಬೂಟ್‌ಸ್ಟ್ರ್ಯಾಪ್ ಮಾಡಿದವರು ನಮ್ಮ ಜಿಲ್ಲೆಯ ನಕ್ಷೆಯನ್ನೇ ಮುಂದಿಟ್ಟುಕೊಂಡು ಕೂತಿದ್ದರೇನೋ. ಫೋನಿನಲ್ಲಿ ಈ ಹಂಚಿಕೆ ಮುರಿದು, ಒಂದರ ಕೆಳಗೊಂದು ಪೇರಿಸಿಕೊಳ್ಳುತ್ತದೆ. ಮೊದಲು ಕಾರವಾರ. ಜೋಯಿಡಾ ಬರುವ ಹೊತ್ತಿಗೆ ಹೆಬ್ಬೆರಳು ಸೋತಿರುತ್ತದೆ. ಹಿಂದಿನದನ್ನು ಮುಂದೆ ತರಲು ‘ಆರ್ಡರ್-ಫಸ್ಟ್’ ಎಂಬ ಪದವೂ ಅದೇ ಪೆಟ್ಟಿಗೆಯಲ್ಲಿದೆ. ಜೋಯಿಡಾಕ್ಕೆ ಅದನ್ನು ಹಚ್ಚಬೇಕೆಂದು ಯಾರಿಗೂ ಹೊಳೆದಿಲ್ಲ. ಪರದೆಯ ಹೊರಗೂ ಹೊಳೆದಂತಿಲ್ಲ, ಬಿಡಿ.

ತಾಣ ಕಟ್ಟಿದ ಗುತ್ತಿಗೆಯ ಹುಡುಗ ಮೂಲೆಯಲ್ಲೇ ಕೂತಿದ್ದ. ‘ಡಿ-ನನ್ ಯಾಕೆ ಹಾಕಿದೆ, ತಮ್ಮಾ?’ ಎಂದೆ. ಅವನು ಸುತ್ತ ನೋಡಿ ತಗ್ಗಿದ ದನಿಯಲ್ಲಿ ಹೇಳಿದ: ‘ಸರ್, ಸಾಹೇಬರ ಫೋಟೋಕ್ಕೆ ಡಬ್ಲ್ಯು-100 ಇದೆ. ಎಲ್ಲ ಅಗಲದಲ್ಲೂ ನೂರಕ್ಕೆ ನೂರು. ಫೋನಿನಲ್ಲಿ ಗುಂಡಿ ಹೋಗಿ ಅವರ ಗಲ್ಲದ ಮೇಲೆ ಕೂರುತ್ತಿತ್ತು. ಯಾವುದಾದರೂ ಒಂದನ್ನು ತೆಗೆಯಲೇಬೇಕಿತ್ತು.’

ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ನಾನಿದ್ದರೂ ನೌಕರಿ ಉಳಿಸಿಕೊಳ್ಳಲು ಗುಂಡಿಯನ್ನೇ ಬಲಿ ಕೊಡುತ್ತಿದ್ದೆ. ‘ಫೋಟೋವನ್ನು ನಾಲ್ಕು ಕಂಬಸಾಲಿಗೆ ಇಳಿಸಿ, ಆ ಎರಡು ಪದ ಅಳಿಸಿಬಿಡು, ಅರ್ಧ ನಿಮಿಷದ ಕೆಲಸ’ ಎಂದೆ. ಅಳಿಸುವುದು ಟೆಂಡರಿನಲ್ಲಿ ಇಲ್ಲ, ಸೇರಿಸುವುದು ಮಾತ್ರ ಇದೆ ಎಂದ.

ಸಾಹೇಬರನ್ನೇ ಕಾಣೋಣವೆಂದು ಒಳಗೆ ಇಣುಕಿದೆ. ಕುರ್ಚಿ ಇತ್ತು, ಬೆನ್ನಿಗೆ ಬಿಳಿ ಟವೆಲ್ ಇತ್ತು, ಫ್ಯಾನ್ ತಿರುಗುತ್ತಿತ್ತು, ಅವರಿರಲಿಲ್ಲ. ನಮ್ಮ ವಿದ್ಯೆಯಲ್ಲಿ ಇದಕ್ಕೆ ಬೇರೆಯದೇ ಪದವಿದೆ, ‘ಇನ್‌ವಿಸಿಬಲ್’. ಡಿ-ನನ್ ಹಚ್ಚಿದರೆ ವಸ್ತುವಿನ ಜೊತೆಗೆ ಅದರ ಜಾಗವೂ ಹೋಗುತ್ತದೆ, ಪಕ್ಕದವರು ಸರಿದು ಕೂರುತ್ತಾರೆ. ಇನ್‌ವಿಸಿಬಲ್ ಹಚ್ಚಿದರೆ ವಸ್ತು ಕಾಣುವುದಿಲ್ಲ, ಜಾಗ ಮಾತ್ರ ಹಾಗೇ ಉಳಿಯುತ್ತದೆ, ಯಾರೂ ಅಲ್ಲಿಗೆ ಬರುವಂತಿಲ್ಲ. ಕಾಲೇಜು ಹುಡುಗರಿಗೆ ಈ ವ್ಯತ್ಯಾಸ ಕಲಿಸುವುದು ಬಲು ಕಷ್ಟ. ಒಮ್ಮೆ ಆ ಕೋಣೆಯ ಬಾಗಿಲಲ್ಲಿ ನಿಲ್ಲಿಸಿದರೆ ಜನ್ಮದಲ್ಲಿ ಮರೆಯಲಾರರು.

ಬರವಣಿಗೆಯಲ್ಲಿ ದೂರು ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದೆ. ಸುಳ್ಳು ಹೇಳಬಾರದು, ಹದಿನೈದೇ ದಿನಗಳಲ್ಲಿ ಹುಡುಗನ ಕರೆ ಬಂದಿತು. ಹೆಮ್ಮೆಯಿಂದಲೇ ಹೇಳಿದ: ‘ಸರ್, ಕ್ರಮ ಕೈಗೊಂಡಿದ್ದೇವೆ. ಸೂಚನೆ ಹಾಕಿದ್ದೇವೆ, ದಪ್ಪ ಅಕ್ಷರದಲ್ಲಿ.’

ಅಂದು ಸಂಜೆ ಭಾವನೂ ನಾನೂ ಗುಡ್ಡ ಹತ್ತಿದೆವು. ಆಯಿಯ ಅರ್ಜಿಯನ್ನು ಭಾವನ ಫೋನಿನಲ್ಲಿಯೇ ಹಾಕುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಪುಟ ತೆರೆಯಿತು. ಸಾಹೇಬರ ಫೋಟೋ ನೂರಕ್ಕೆ ನೂರು. ಅದರ ಕೆಳಗೆ ಹೆಸರು, ಸರ್ವೆ ನಂಬರು. ಸೂಚನೆ ಎಲ್ಲಿಯೂ ಇರಲಿಲ್ಲ. ಭಾವ ಎಲ್ಲವನ್ನೂ ತುಂಬಿ, ವಾಡಿಕೆಯಂತೆ ಫೋನನ್ನು ಅಡ್ಡ ಮಲಗಿಸಿದ. ಹಸಿರು ಗುಂಡಿ ಮೂಡಿತು. ಅದರ ಪಕ್ಕದಲ್ಲಿ, ಕೆಂಪು ಚೌಕಟ್ಟಿನೊಳಗೆ, ದಪ್ಪ ಅಕ್ಷರದಲ್ಲಿ: ‘ಮೊಬೈಲ್ ಬಳಕೆದಾರರ ಗಮನಕ್ಕೆ. ಅರ್ಜಿ ಸಲ್ಲಿಸಲು ಫೋನನ್ನು ಅಡ್ಡ ಹಿಡಿಯತಕ್ಕದ್ದು.’

ಭಾವ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದ. ಆಮೇಲೆ, ನೋಡಿಯೇ ಬಿಡೋಣವೆಂದು, ಫೋನನ್ನು ನೆಟ್ಟಗೆ ನಿಲ್ಲಿಸಿದ. ಗುಂಡಿಯೂ ಸೂಚನೆಯೂ ಜೊತೆಯಾಗಿಯೇ ಹೋದವು.